ರಾತ್ರಿಯಿಡೀ ಹಾಡು ಓಡಿಸಿದರೆ ಬ್ಯಾಂಡಿಗೆ ದುಡ್ಡು ಸಿಗುತ್ತಾ?

ಪ್ರಶ್ನೆ: ಬೆಂಗಳೂರಿನ ಒಂದು ಕನ್ನಡ ಬ್ಯಾಂಡ್ ಅಂದ್ರೆ ನನಗೆ ಪ್ರಾಣ. ಸಿನಿಮಾದವರಲ್ಲ, ತಮ್ಮ ಹಾಡು ತಾವೇ ಕಟ್ಟಿ ಹಾಡುವವರು. ಅವರಿಗೆ ನೆರವಾಗಲಿ ಅಂತ ರಾತ್ರಿ ಫೋನ್ ಮ್ಯೂಟ್ ಮಾಡಿ, ಸ್ಪಾಟಿಫೈನಲ್ಲಿ ಅವರ ಹಾಡುಗಳನ್ನು ಬೆಳಗಿನವರೆಗೂ ಓಡಿಸುತ್ತೇನೆ. ಇದರಿಂದ ಏನಾದರೂ ಸಿಗುತ್ತಾ? ತಿಂಗಳಿಗೆ 500 ರೂಪಾಯಿ ತೆಗೆದಿಡಬಲ್ಲೆ. ಹೇಗೆ ಕೊಟ್ಟರೆ ಒಳ್ಳೆಯದು?
– ಓದುಗ, ದಾವಣಗೆರೆ

ಉತ್ತರ: ಮೊದಲು ಫೋನ್ ಆಫ್ ಮಾಡಿ ಮಲಗಿ. ನಿಮ್ಮ ಪ್ರೀತಿ ದೊಡ್ಡದು, ಆದರೆ ಈ ದಾರಿಯಲ್ಲಿ ಬ್ಯಾಂಡಿಗೆ ತೊಂದರೆಯೇ ಜಾಸ್ತಿ.

ಸ್ಪಾಟಿಫೈನಲ್ಲಿ ಒಂದು ಪ್ಲೇಗೆ ಇಂತಿಷ್ಟು ಅಂತ ದರ ಇಲ್ಲ. ಚಂದಾ, ಜಾಹೀರಾತಿನ ದುಡ್ಡೆಲ್ಲ ಒಂದೇ ಹುಂಡಿಗೆ ಬೀಳುತ್ತದೆ. ಒಟ್ಟು ಪ್ಲೇಗಳಲ್ಲಿ ಯಾರ ಪಾಲು ಎಷ್ಟು ಅಂತ ನೋಡಿ ಹಂಚುತ್ತಾರೆ. ನೀವು ತಿಂಗಳಿಡೀ ಒಂದೇ ಬ್ಯಾಂಡ್ ಕೇಳಿದರೂ ನಿಮ್ಮ ಚಂದಾದ ಬಹುಪಾಲು ಊರೆಲ್ಲ ಕೇಳುವ ಸಿನಿಮಾ ಹಾಡುಗಳಿಗೇ ಹೋಗುತ್ತದೆ. ಕೇಳುಗನ ದುಡ್ಡು ಅವನು ಕೇಳಿದವರಿಗೇ ಹೋಗಲಿ ಅನ್ನುವ ಲೆಕ್ಕವನ್ನು ಸೌಂಡ್‌ಕ್ಲೌಡ್ ಅನ್ನುವ ಇನ್ನೊಂದು ಹಾಡಿನ ಆ್ಯಪ್ 2021ರಲ್ಲಿ ತಂದಿತು. ದೊಡ್ಡ ಆ್ಯಪ್‌ಗಳು ಆ ಕಡೆ ತಲೆ ಹಾಕಿಲ್ಲ.

ಇನ್ನೂ ಒಂದಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಪ್ಲೇ ಆಗದ ಹಾಡಿಗೆ ಸ್ಪಾಟಿಫೈ 2024ರಿಂದ ಒಂದು ಪೈಸೆಯನ್ನೂ ಕೊಡುತ್ತಿಲ್ಲ. ಹಾಗಂತ ಅದನ್ನು ನಾನೇ ದಾಟಿಸ್ತೀನಿ ಅಂತ ಹೊರಡಬೇಡಿ. ಒಂದೇ ಫೋನಿಂದ ರಾತ್ರಿಯಿಡೀ ಓಡುವ ಹಾಡು ಅವರ ಕಂಪ್ಯೂಟರ್ ಕಣ್ಣಿಗೆ ಕಳ್ಳ ಪ್ಲೇ ಥರ ಕಾಣಬಹುದು. ಹಾಗೆ ಕಂಡ ಪ್ಲೇಗೆ ದುಡ್ಡಿಲ್ಲ. ಅಂಥವು ಮಿತಿ ಮೀರಿದರೆ ಹಾಡನ್ನು ಆ್ಯಪ್‌ಗೆ ಹಾಕಿದ ಕಂಪನಿಗೆ ದಂಡವೂ ಬೀಳುತ್ತದೆ, ಹಾಡನ್ನೇ ತೆಗೆದುಹಾಕುವುದೂ ಉಂಟು. ಪಾಪ, ಬ್ಯಾಂಡಿನವರಿಗೆ ಏನಾಯಿತು ಅಂತಲೇ ಗೊತ್ತಾಗುವುದಿಲ್ಲ.

ಈಗ ನಿಮ್ಮ 500. ನಡುವೆ ಕೈಗಳು ಕಮ್ಮಿ ಇದ್ದಷ್ಟೂ ಒಳ್ಳೆಯದು. ಬ್ಯಾಂಡಿನವರು ತಮ್ಮ ಪುಟದಲ್ಲಿ ಯುಪಿಐ ಐಡಿ ಹಾಕಿದ್ದರೆ ಅಲ್ಲಿಗೇ ಕಳಿಸಿ, ಕಡಿತವೇ ಇಲ್ಲದೆ ಪೂರ್ತಿ ತಲುಪುತ್ತದೆ. ಐಡಿ ಇಲ್ಲದಿದ್ದರೆ ಒಂದು ಮೆಸೇಜ್ ಹಾಕಿ ಕೇಳಿ. ಸಂಕೋಚ ಏನೂ ಬೇಡ, ಅಂಥ ಮೆಸೇಜ್‌ಗೆ ಯಾರೂ ಬೇಜಾರಾಗುವುದಿಲ್ಲ. ಶೋಗೆ ಹೋದಾಗ ಅವರು ಟೀ ಶರ್ಟ್ ಇಟ್ಟಿದ್ದರೆ ಅಲ್ಲೇ ಕೊಳ್ಳಿ. ಪಬ್‌ನಲ್ಲಿ ನುಡಿಸುತ್ತಿದ್ದರೆ ಒಂದು ಮಾತು ನೆನಪಿರಲಿ: ಬಿಯರ್ ದುಡ್ಡು ಸಾಮಾನ್ಯವಾಗಿ ಪಬ್‌ಗೆ ಹೋಗುತ್ತದೆ. ಬ್ಯಾಂಡಿಗೆ ಪಾಲು ಅಂತ ಇದ್ದರೆ ಅದು ಟಿಕೆಟ್‌ನಲ್ಲಿ. ಹಾಗಾಗಿ ಗೆಸ್ಟ್ ಲಿಸ್ಟ್‌ನಲ್ಲಿ ಹೆಸರು ಹಾಕಿಸಿಕೊಂಡು ಬಿಟ್ಟಿ ಒಳಗೆ ಹೋಗುವ ಅಭಿಮಾನಿ ಆಗಬೇಡಿ.

ಆದರೆ ನನ್ನನ್ನು ಕೇಳಿದರೆ, ಆ ಬ್ಯಾಂಡನ್ನು ದಾವಣಗೆರೆಗೇ ಕರೆಸಿ. ಪೂರ್ತಿ ಬ್ಯಾಂಡ್ ಬೇಕಾಗಿಲ್ಲ, ಹಾಡುವವರು ಒಬ್ಬರು, ಗಿಟಾರ್ ಒಬ್ಬರು ಸಾಕು. ಯಾರದಾದರೂ ಮನೆಯ ಹಾಲ್, ಇಲ್ಲಾ ಟೆರೇಸ್. ತಲೆಗೆ 500ರಂತೆ 30 ಜನ ಸೇರಿದರೆ 15,000. ರೈಲಿನ ಟಿಕೆಟ್, ಊಟ, ಮಲಗಲು ಜಾಗ ನೀವು ನೋಡಿಕೊಂಡರೆ ಆ ದುಡ್ಡು ಪೂರ್ತಿ ಅವರದು. ಧಾರವಾಡದ ಕಡೆ ಮನೆ ಬೈಠಕ್‌ಗಳು ನಡೆದುಬಂದದ್ದು ಹೀಗೇ ಅಲ್ವಾ? ದುಡ್ಡಿನ ಜೊತೆ ಅವರಿಗೆ ಹೊಸ ಊರಲ್ಲಿ 30 ಕೇಳುಗರೂ ಸಿಗುತ್ತಾರೆ.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಊರಿನ ಗಾಯಕರಿಗೆ ಇಲ್ಲಿಂದ ದುಡ್ಡು ಕಳಿಸುವುದು ಹೇಗೆ? ಯೂಟ್ಯೂಬ್‌ನಲ್ಲಿ ವಿಡಿಯೋ ಕೆಳಗಿನ ‘ಸೂಪರ್ ಥ್ಯಾಂಕ್ಸ್’ ಬಟನ್ ಒತ್ತಿ ದುಡ್ಡು ಕೊಟ್ಟರೆ ಸಾಕಾ?
– ಓದುಗಿ, ಟೆಕ್ಸಸ್

ಉತ್ತರ: ಸೂಪರ್ ಥ್ಯಾಂಕ್ಸ್‌ನಲ್ಲಿ 70% ಚಾನೆಲ್‌ಗೆ ಹೋಗುತ್ತದೆ. ಚಾನೆಲ್ ಯಾರದು ಅಂತ ಮಾತ್ರ ನೋಡಿಕೊಳ್ಳಿ. ಆಡಿಯೋ ಕಂಪನಿಯ ಚಾನೆಲ್‌ನಲ್ಲಿರುವ ಸಿನಿಮಾ ಹಾಡಿಗೆ ಕೊಟ್ಟರೆ ದುಡ್ಡು ಕಂಪನಿಗೆ ಹೋಗುತ್ತದೆ, ಹಾಡಿದವರಿಗಲ್ಲ.

ಹಾಡುವವರು ತಮ್ಮ ಹಾಡನ್ನು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ಅನ್ನುವ ಜಾಲತಾಣದಲ್ಲಿ ನಿಮ್ಮ ಗಾಯಕರಿದ್ದರೆ ಆಲ್ಬಮ್ ಅಲ್ಲಿ ಕೊಳ್ಳಿ. ಡಿಜಿಟಲ್ ಆಲ್ಬಮ್‌ಗೆ ಬ್ಯಾಂಡ್‌ಕ್ಯಾಂಪ್‌ನವರು ಹಿಡಿದುಕೊಳ್ಳುವುದು 15%, ಪಾವತಿ ಶುಲ್ಕ ಬೇರೆ. ನಮೂದಿಸಿದ ಬೆಲೆಗಿಂತ ಜಾಸ್ತಿ ಕೊಡಲೂ ಅವಕಾಶ ಇದೆ. 2020ರಲ್ಲಿ ಕೋವಿಡ್ ಹೊತ್ತಿಗೆ ಶುರುವಾದ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ದಿನ ಕೊಂಡರೆ ಆ 15% ಕೂಡ ಬಿಡುತ್ತಾರೆ. ನಿಮಗೆ ಎನ್‌ಆರ್‌ಒ ಖಾತೆ (ಹೊರದೇಶದಲ್ಲಿರುವವರು ಭಾರತದ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ) ಇದ್ದರೆ, ಕೆಲವು ಬ್ಯಾಂಕುಗಳಲ್ಲಿ ಅಮೆರಿಕದ ಫೋನ್ ನಂಬರ್‌ಗೂ ಯುಪಿಐ ಜೋಡಿಸಬಹುದು. ಆಮೇಲೆ ಮಿಕ್ಕಿದ್ದೆಲ್ಲ ಸಲೀಸು.

ನಿಮ್ಮ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಅಲ್ಲಿನವರೇ ಹಾಡುತ್ತಾರಲ್ಲ, ಅವರಿಗೆ ಸಂಭಾವನೆ ಕೊಡುತ್ತಾರಾ ಅಂತ ಸಮಿತಿಯವರನ್ನು ಒಮ್ಮೆ ಕೇಳಿ. ಶಾಲು, ಹಾರ, ಫೋಟೋ ಆದರೆ ಸಾಕು ಅಂದುಕೊಂಡಿರುತ್ತಾರೆ.

ಪ್ರಶ್ನೆ: ನಾನು ಗಣೇಶನ ಹಬ್ಬ, ದೇವಸ್ಥಾನದ ಉತ್ಸವ ಅಂತ ಬಿಟ್ಟಿ ಸಂಗೀತ ಕಚೇರಿಗಳನ್ನೇ ಕೇಳಿಕೊಂಡು ಬಂದವನು. ಈಗ ಪೆನ್ಷನ್ ಬರುತ್ತಿದೆ, ಏನಾದರೂ ಕೊಡೋಣ ಅನಿಸುತ್ತಿದೆ.
– ಓದುಗ, ಬಸವನಗುಡಿ

ಉತ್ತರ: ನಿಮ್ಮ ಪಕ್ಕದಲ್ಲೇ ಕೆ.ಆರ್. ರಸ್ತೆಯಲ್ಲಿ 1905ರಲ್ಲಿ ಶುರುವಾದ ಬೆಂಗಳೂರು ಗಾಯನ ಸಮಾಜ ಇದೆ. ಕಚೇರಿ ಏರ್ಪಡಿಸುವ ಅಂಥ ಒಂದು ಸಂಗೀತ ಸಭೆಗೆ ಸದಸ್ಯರಾಗಿ. ಚಾಮರಾಜಪೇಟೆಯ ರಾಮನವಮಿ ಕಚೇರಿಗಳಿಗೆ ಟಿಕೆಟ್ ಕೊಂಡು ಹೋಗಿ. ಸಭೆಗಳಿಗೆ ಮುಂದಿನ ವರ್ಷ ಎಷ್ಟು ಜನರನ್ನು ಕರೆಸಬಹುದು ಅನ್ನುವುದು ಇಂಥ ದುಡ್ಡಿನ ಮೇಲೇ ನಿಂತಿರುತ್ತದೆ.

ದೊಡ್ಡ ಹೆಸರಿನ ಗಾಯಕರಿಗೆ ನಿಮ್ಮ ನೆರವು ಅಷ್ಟಾಗಿ ಬೇಕಿಲ್ಲ. ಪಕ್ಕವಾದ್ಯದವರಿಗೆ ಬೇಕು. ಪಿಟೀಲು, ಮೃದಂಗ, ಘಟ, ಮೋರ್ಸಿಂಗ್ ಅಂತ ಹೋದಂತೆ ಸಂಭಾವನೆ ಕವರಿನ ತೂಕ ಇಳಿಯುತ್ತಾ ಹೋಗುವುದು ನಮ್ಮ ಹಳೇ ರೂಢಿ. ಇದು ನನಗೆ ಯಾವತ್ತೂ ಸರಿ ಕಂಡಿಲ್ಲ. ಸಭೆಗೋ ದೇವಸ್ಥಾನದ ಸಮಿತಿಗೋ ಕೊಡುವಾಗ ‘ಇದು ಪಕ್ಕವಾದ್ಯದವರಿಗೆ’ ಅಂತ ಚೀಟಿಯಲ್ಲಿ ಬರೆದೇ ಕೊಡಿ, ರಸೀದಿಯಲ್ಲೂ ಅದು ಇರಲಿ.

ಮನೆಯಲ್ಲಿ ಮದುವೆ ಇದ್ದರೆ ವಾಲಗದವರ ಜೊತೆ ಚೌಕಾಸಿ ಬೇಡ. ಮೊದಲೇ ಮಾತಾಡಿದ ದುಡ್ಡನ್ನು ಮುಹೂರ್ತ ಮುಗಿದ ದಿನವೇ ಕೊಟ್ಟುಬಿಡಿ. ಛತ್ರ ಖಾಲಿಯಾದ ಮೇಲೂ ಬಾಕಿಗಾಗಿ ಕಾಯುತ್ತಾ ಕೂರುವವರು ಹೆಚ್ಚಾಗಿ ಅವರೇ.