ತರೀಫಾ ಮುತ್ತಿಗೆ 1294ರಲ್ಲೋ, 1332ರಲ್ಲೋ?

ದಕ್ಷಿಣ ಸ್ಪೇನಿನ ತರೀಫಾ ಕೋಟೆಯ ಮುತ್ತಿಗೆಯನ್ನು ನಿಮ್ಮ ಇಸವಿಗಳ ಪಟ್ಟಿ 1332ಕ್ಕೆ ಹಾಕಿದೆ. 1309ರಲ್ಲಿ ಗೌಸಿನ್‌ನಲ್ಲಿ ತೀರಿಕೊಂಡ, ಮಧ್ಯಯುಗದ ಸ್ಪೇನಿನ ಕ್ಯಾಸ್ಟೀಲ್ ರಾಜ್ಯದ ಸರದಾರ ಗುಸ್ಮಾನ್ ಎಲ್ ಬ್ವೆನೊ ಆ ಪಟ್ಟಿಯಲ್ಲಿ 1332ರಲ್ಲೂ ಕೋಟೆ ಕಾಯುತ್ತಿರುವುದಕ್ಕೆ ಕಾರಣ ಬಹುಶಃ ಹಿಸ್ಪಾನಿಕ್ ಶಕೆ, ಅಂದರೆ ಆಗ ಅಲ್ಲಿ ಬಳಕೆಯಲ್ಲಿದ್ದ, ಕ್ರಿ.ಶ.ಗಿಂತ 38 ವರ್ಷ ಮುಂದಿರುವ ವರ್ಷಗಣನೆ. ನಮ್ಮ ಶಾಸನಗಳ ಶಕವರ್ಷಕ್ಕೆ 78 ಕೂಡಿಸುತ್ತೇವಲ್ಲ, ಇಲ್ಲಿ 38 ಕಳೆಯಬೇಕು. 1332ರಲ್ಲಿ 38 ಕಳೆದರೆ 1294, ಅಲ್ಲಿಗೆ ಸರಿಹೋಯಿತು.

ಮೊದಲು ಮೂಲ ಪತ್ರದಲ್ಲಿ ವರ್ಷದ ಅಂಕಿಗೆ ಮುಂಚೆ ‘ಎರಾ’ (ಈ ಶಕೆಯ ಸೂಚನೆ) ಎಂದಿದೆಯೇ ನೋಡಿ. ಇದ್ದರೆ ಕಳೆಯಿರಿ. ಕ್ಯಾಸ್ಟೀಲ್ ಈ ಶಕೆಯನ್ನು ಕೈಬಿಟ್ಟದ್ದು 1383ರಲ್ಲಿ, ಹಾಗಾಗಿ ಗುಸ್ಮಾನನ ಕಾಲದ ಪತ್ರಗಳಲ್ಲಿ ಇದು ಸಾಮಾನ್ಯ. ಪದ ಇಲ್ಲದಿದ್ದರೆ ಬರೀ ಅಂಕಿ ನೋಡಿ ನಿರ್ಧರಿಸಲಾಗದು. ಪತ್ರದಲ್ಲಿರುವ ರಾಜನ ಹೆಸರಿನೊಂದಿಗೆ ತಾಳೆ ಹಾಕಿ. ನಾಲ್ಕನೇ ಸಾಂಚೊ 1284–1295, ನಾಲ್ಕನೇ ಫೆರ್ನಾಂಡೊ 1295–1312.

ಇಷ್ಟಾದರೂ ಸರಿಯಾಗಿ 30 ವರ್ಷ ಕಡಿಮೆ ಬಂದರೆ ರೋಮನ್ ಅಂಕಿಯ ‘ಎಕ್ಸ್’ ಅನ್ನು ಹಿಗ್ಗಿಸಿ ನೋಡಿ. ಬಲಗಡೆ ಮೇಲ್ತುದಿಯಲ್ಲಿ ಸಣ್ಣ ಕೊಕ್ಕೆಯಿದ್ದರೆ ಅದು 10 ಅಲ್ಲ, 40. ಅಚ್ಚಿನಲ್ಲಿ ಆ ಕೊಕ್ಕೆ ಹಾರಿಹೋಗಿರುತ್ತದೆ. ಎರಾ 1347 (ಅಂದರೆ 1309) ಅನ್ನು 1317 ಎಂದು ಓದಿ, ಗುಸ್ಮಾನನನ್ನು 1279ಕ್ಕೇ ಸಾಯಿಸಿಬಿಡುವ ಅಪಾಯ ಇರುವುದು ಇಲ್ಲೇ.

ಅರಬ್ಬಿ ಮೂಲದ್ದಾದರೆ ಈ ಲೆಕ್ಕ ಬೇಡ, ಅಲ್ಲಿ ಮುತ್ತಿಗೆ ಇಸ್ಲಾಮಿ ಶಕೆಯಾದ ಹಿಜರಿ 693ರಲ್ಲಿ ಬರುತ್ತದೆ, ಅದೂ 1294ಕ್ಕೇ ಹೊಂದುತ್ತದೆ.