ಅಕ್ಕ ತಿದ್ದಿದ್ದು ಸರಿ

ಪತ್ರ: ಕೆಲಸದ ಅರ್ಜಿಯ ಕೊನೆಗೆ 'ಐ ಲುಕ್ ಫಾರ್ವರ್ಡ್ ಟು ಮೀಟ್ ಯು' ಅಂತ ಬರೆದಿದ್ದೆ. ಅಕ್ಕ ಅದನ್ನು ಹೊಡೆದು 'ಮೀಟಿಂಗ್ ಯು' ಮಾಡಿದಳು. ಟು ಆದಮೇಲೆ 'ಇಂಗ್' ಬರಲ್ಲ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಯಾರು ಸರಿ?
ಓದುಗರೊಬ್ಬರು, ತುಮಕೂರು

ಸಂಪಾದಕರ ಉತ್ತರ: ನಿಮ್ಮ ಅಕ್ಕನೇ ಸರಿ. ಬೇಜಾರು ಮಾಡ್ಕೋಬೇಡಿ, ನಾನೂ ವರ್ಷಗಟ್ಟಲೆ ಹೀಗೇ ಬರೆದವನು.

ಶಾಲೆಯ ಪಾಠವೂ ಸುಳ್ಳಲ್ಲ. ವಾಂಟ್ ಟು ಮೀಟ್, ಹೋಪ್ ಟು ಮೀಟ್ ಎರಡೂ ಸರಿ. ಅಲ್ಲಿ ಟು ಇರುವುದು ಮೀಟ್ ಜೊತೆ, ನಮ್ಮ 'ಭೇಟಿಯಾಗಲು' ಇದ್ದ ಹಾಗೆ. ಲುಕ್ ಫಾರ್ವರ್ಡ್ ಟು ಅನ್ನುವಾಗ ಟು ಹಿಂದಿನ ಎರಡು ಪದಕ್ಕೆ ಅಂಟಿಕೊಂಡಿದೆ. ಅದರ ಮುಂದೆ ನಾಮಪದವೇ ಬರಬೇಕು. ಹಬ್ಬ, ಭಾನುವಾರ, ನಿಮ್ಮ ಉತ್ತರ, ಏನಾದರೂ ಆಗಬಹುದು. ಕ್ರಿಯಾಪದವೇ ಬೇಕೆಂದರೆ ಇಂಗ್ ಹಚ್ಚಿ ನಾಮಪದ ಮಾಡಿಕೊಳ್ಳಬೇಕು. ಅನುಮಾನ ಬಂದರೆ ಟು ಆದಮೇಲೆ 'ಇಟ್' ಹಾಕಿ ನೋಡಿ. 'ಲುಕ್ ಫಾರ್ವರ್ಡ್ ಟು ಇಟ್' ಅನ್ನಬಹುದು. 'ವಾಂಟ್ ಟು ಇಟ್' ಅನ್ನೋಕೆ ಆಗುತ್ತಾ?

ವ್ಯಾಕರಣ ಬೇಡ ಅಂದರೆ ಕನ್ನಡದಲ್ಲೇ ಹೇಳಿಕೊಳ್ಳಿ. ನಮ್ಮಲ್ಲಿ 'ಎದುರು ನೋಡು' ಇದೆ ಅಲ್ವಾ? 'ಮಗ ಊರಿಗೆ ಬರಲು ಎದುರು ನೋಡುತ್ತಿದ್ದೇನೆ' ಅಂತ ಯಾವ ತಾಯಿಯೂ ಹೇಳುವುದಿಲ್ಲ. 'ಬರುವುದನ್ನು ಎದುರು ನೋಡುತ್ತಿದ್ದೇನೆ' ಅನ್ನುತ್ತಾಳೆ. ಆ 'ಬರುವುದು' ಮಾಡುವ ಕೆಲಸವನ್ನೇ ಇಂಗ್ಲಿಷಿನಲ್ಲಿ ಇಂಗ್ ಮಾಡುತ್ತದೆ. (ಈಚೆಗೆ ಇಂಗ್ಲಿಷಿನ ತಪ್ಪನ್ನೇ ಕನ್ನಡಕ್ಕೆ ತಂದು 'ಭೇಟಿಯಾಗಲು ಎದುರು ನೋಡುತ್ತೇವೆ' ಅಂತ ಬರೆಯುವವರು ಜಾಸ್ತಿಯಾಗಿದ್ದಾರೆ. ಅವರ ಮಾತು ಬಿಡಿ.)

'ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ' ಅಂತ ಮುಗಿಯುವ ಪತ್ರಗಳೂ ನಮ್ಮ ಮೇಜಿಗೆ ಬರುತ್ತವೆ. ವೇಟಿಂಗ್ ಫಾರ್ ಅನ್ನುವುದು ಇಲ್ಲಿಗೆ ನುಸುಳಿದೆ ಅಷ್ಟೇ. ಉತ್ತರಕ್ಕೆ ಕಾಯುತ್ತೇವೆ, ಉತ್ತರವನ್ನು ಎದುರು ನೋಡುತ್ತೇವೆ. ಕನ್ನಡದಲ್ಲೂ ಪ್ರತ್ಯಯ ಬೇರೆ ಬೇರೆ.

ಸುಮ್ನೆ ಮುಂದೆ ಆಗುವುದಕ್ಕೆಲ್ಲ ಈ ಮಾತು ಹೊಂದುವುದಿಲ್ಲ. ಅದು ಆಗಲಿ ಅನ್ನುವ ಆಸೆ ಇರಬೇಕು. ನಮ್ಮ ಕಚೇರಿಯ ಹುಡುಗನೊಬ್ಬ ರಜಾ ಅರ್ಜಿಯಲ್ಲಿ, ಮಂಗಳವಾರ ಹಲ್ಲು ಕೀಳಿಸುವುದನ್ನು 'ಲುಕಿಂಗ್ ಫಾರ್ವರ್ಡ್ ಟು' ಅಂತ ಬರೆದಿದ್ದ. ಇಂಗ್ ಮಾತ್ರ ಸರಿಯಾಗಿ ಹಾಕಿದ್ದ! ರಜೆ ಕೊಟ್ಟೆ, ನಗು ತಡೆಯಲಾಗಲಿಲ್ಲ.

ಇನ್ನು ನಿಮ್ಮ ಅರ್ಜಿ. 'ಐ ಆಮ್ ಲುಕಿಂಗ್ ಫಾರ್ವರ್ಡ್' ಅಂದರೆ ಸ್ವಲ್ಪ ಸಲುಗೆ, ಗೆಳೆಯರಿಗೆ ಚೆನ್ನ. ನೀವು ಬರೆದ 'ಐ ಲುಕ್ ಫಾರ್ವರ್ಡ್' ಕೆಲಸದ ಪತ್ರಕ್ಕೆ ಹೆಚ್ಚು ಒಪ್ಪುತ್ತದೆ. ಅದನ್ನು ಹಾಗೇ ಇಟ್ಟುಕೊಂಡು 'ಮೀಟಿಂಗ್ ಯು' ಸೇರಿಸಿ. ಕಳಿಸುವ ಮುಂಚೆ ಇನ್ನೊಮ್ಮೆ ಅಕ್ಕನಿಗೆ ತೋರಿಸಿ.