ಮೋಡೆಮ್ ಕನೆಕ್ಟ್ ಆಗುತ್ತದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಹಳೆಯ ಲಿನಕ್ಸ್‌ನಲ್ಲಿ ಏನು ತಪ್ಪಿರಬಹುದು?

ಮೋಡೆಮ್ ಡಯಲ್ ಮಾಡುತ್ತದೆ, ಐಪಿ ವಿಳಾಸವೂ ಸಿಗುತ್ತದೆ, ಬ್ರೌಸರ್ ಮಾತ್ರ ಸುಮ್ನೆ ಕೂತಿರುತ್ತದೆ ಅಂದಿದ್ದೀರಿ. ಹಾಗಿದ್ದರೆ ಮೋಡೆಮ್, ಕೇಬಲ್, ಪಾಸ್‌ವರ್ಡ್ ಯಾವುದನ್ನೂ ಇನ್ನು ಮುಟ್ಟಬೇಡಿ. ಪಿಪಿಪಿ0ಗೆ (ppp0, ಡಯಲ್ ಕನೆಕ್ಷನ್‌ಗೆ ಲಿನಕ್ಸ್ ಕೊಡುವ ಹೆಸರು) ವಿಳಾಸ ಬಂತು ಅಂದರೆ ಅಷ್ಟೂ ಸರಿಯಾಗಿದೆ ಅಂತಲೇ ಅರ್ಥ. ನಾನು ಇದು ಗೊತ್ತಿಲ್ಲದೆ ಎರಡು ರಾತ್ರಿ ಡಯಲ್ ಸ್ಕ್ರಿಪ್ಟನ್ನೇ ತಿದ್ದುತ್ತಾ ಕೂತಿದ್ದೆ. ತಪ್ಪು ಅಲ್ಲಿರಲೇ ಇಲ್ಲ.

ಕನೆಕ್ಟ್ ಆದ ಮೇಲೆ ಮೊದಲು ನೆಟ್‌ವರ್ಕ್ ವಿವರ ತೋರಿಸುವ ಐಎಫ್‌ಕಾನ್ಫಿಗ್ (ifconfig) ಕಮಾಂಡ್ ಕೊಡಿ. ಪಿಪಿಪಿ0 ಸಾಲಿನಲ್ಲಿ ಎರಡು ವಿಳಾಸ ಇರುತ್ತವೆ: ಒಂದು ನಿಮ್ಮದು, ಇನ್ನೊಂದು ಆ ಕಡೆಯದು, ಅಂದರೆ ಇಂಟರ್ನೆಟ್ ಕಂಪನಿಯದು. ಆ ಕಡೆಯದಕ್ಕೆ ಪಿಂಗ್ ಮಾಡಿ, ಅಂದರೆ ping ಕಮಾಂಡ್ ಕೊಟ್ಟು ಉತ್ತರ ಬರುತ್ತದಾ ನೋಡಿ. ಉತ್ತರ ಬಂದರೆ 8.8.8.8ಕ್ಕೆ (ಗೂಗಲ್‌ನ ಸರ್ವರ್) ಮಾಡಿ. ಇಲ್ಲಿ ನಿಂತುಹೋದರೆ ತಪ್ಪು ರೂಟ್‌ನಲ್ಲಿ (route), ಅಂದರೆ ಡೇಟಾ ಹೋಗುವ ದಾರಿಯಲ್ಲಿದೆ. ಇದೂ ಆಗಿ, ಸೈಟಿನ ಹೆಸರು ಕೊಟ್ಟಾಗ ಮಾತ್ರ ಆಗದಿದ್ದರೆ, ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿದೆ.

ನನ್ನದು ಎರಡನೆಯ ಪಿಂಗ್‌ನಲ್ಲೇ ನಿಂತಿತ್ತು. 'ರೂಟ್ -ಎನ್' (route -n) ಕೊಟ್ಟು ನೋಡಿದರೆ 0.0.0.0 ಅನ್ನೋ ಸಾಲಿನ (ಅದೇ ಡಿಫಾಲ್ಟ್ ರೂಟ್, ಬೇರೆ ದಾರಿ ಇಲ್ಲದ್ದೆಲ್ಲ ಹೋಗುವ ದಾರಿ) ಕೊನೆಯಲ್ಲಿ ಪಿಪಿಪಿ0 ಬದಲು ಇಟಿಎಚ್0 (eth0, ನೆಟ್‌ವರ್ಕ್ ಕಾರ್ಡ್) ಇತ್ತು. ಯಾವತ್ತೋ ಆ ಕಾರ್ಡ್‌ಗೆ ಗೇಟ್‌ವೇ (ಹೊರಗೆ ಹೋಗುವ ಬಾಗಿಲಿನ ವಿಳಾಸ) ಕೊಟ್ಟಿದ್ದೆ, ಅದು ಹಾಗೇ ಉಳಿದಿತ್ತು. ಕನೆಕ್ಷನ್ ನಡೆಸುವ ಪಿಪಿಪಿಡಿ (pppd) ಪ್ರೋಗ್ರಾಮ್‌ಗೆ 'ಡಿಫಾಲ್ಟ್‌ರೂಟ್' (defaultroute) ಆಯ್ಕೆ ಕೊಟ್ಟಿದ್ದರೂ, ಮೊದಲೇ ಒಂದು ಡಿಫಾಲ್ಟ್ ರೂಟ್ ಇದ್ದರೆ ಅದು ತನ್ನದನ್ನು ಹಾಕುವುದಿಲ್ಲ. ಕನೆಕ್ಷನ್ ಕಡಿಯುವುದೂ ಇಲ್ಲ. ಲಾಗ್‌ನಲ್ಲಿ 'ನಾಟ್ ರಿಪ್ಲೇಸಿಂಗ್ ಎಕ್ಸಿಸ್ಟಿಂಗ್ ಡಿಫಾಲ್ಟ್ ರೂಟ್' ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತದೆ, ಅಷ್ಟೇ. ನೀವು ಕಳಿಸಿದ್ದೆಲ್ಲ ಕೇಬಲ್ ಇಲ್ಲದ ಕಾರ್ಡ್ ಕಡೆಗೆ ಹೋಗುತ್ತಿರುತ್ತದೆ. ಅಡ್ಮಿನ್ (root) ಆಗಿ ಲಾಗಿನ್ ಆಗಿ 'ರೂಟ್ ಡೆಲ್ ಡಿಫಾಲ್ಟ್' (route del default) ಕೊಟ್ಟು, ಮತ್ತೆ ಡಯಲ್ ಮಾಡಿ. ಸರಿಹೋದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿರುವ ಆ ಗೇಟ್‌ವೇ ಸಾಲನ್ನೇ ತೆಗೆದುಬಿಡಿ. ಇಲ್ಲದಿದ್ದರೆ ರೀಬೂಟ್ ಆದಾಗ ಮತ್ತೆ ಅದೇ ಕಥೆ.

ಡಿಎನ್‌ಎಸ್ ವಿಷಯದಲ್ಲೂ ಹೀಗೇ ಎಡವಿಬೀಳುವ ಒಂದು ಗುಂಡಿ ಇದೆ. 'ಯೂಸ್‌ಪೀರ್‌ಡಿಎನ್‌ಎಸ್' (usepeerdns) ಆಯ್ಕೆ ಕೊಟ್ಟರೆ ಪಿಪಿಪಿಡಿ ಆ ಕಡೆಯಿಂದ ಬಂದ ಸರ್ವರ್ ವಿಳಾಸಗಳನ್ನು ಬರೆದಿಡುತ್ತದೆ, ನಿಜ. ಆದರೆ ಬರೆಯುವುದು ಇಟಿಸಿ ಒಳಗಿನ ಪಿಪಿಪಿ ಡೈರೆಕ್ಟರಿಯ ರಿಸಾಲ್ವ್.ಕಾನ್ಫ್‌ಗೆ (/etc/ppp/resolv.conf). ಸಿಸ್ಟಮ್ ಓದುವುದು ನೇರ ಇಟಿಸಿಯಲ್ಲಿರುವ ರಿಸಾಲ್ವ್.ಕಾನ್ಫ್ ಅನ್ನು (/etc/resolv.conf). ಎರಡೂ ಬೇರೆ ಬೇರೆ ಫೈಲ್! ಕನೆಕ್ಟ್ ಆದಾಗ ತಾನೇ ಓಡುವ ಐಪಿ-ಅಪ್ (ip-up) ಸ್ಕ್ರಿಪ್ಟ್‌ನಲ್ಲಿ ಮೊದಲನೆಯದನ್ನು ಎರಡನೆಯದರ ಮೇಲೆ ಕಾಪಿ ಮಾಡಿಸಿ, ಇಲ್ಲವೇ ಎರಡನೆಯದನ್ನು ಮೊದಲನೆಯದಕ್ಕೆ ಸಿಂಬಾಲಿಕ್ ಲಿಂಕ್ (ಬೇರೆ ಫೈಲ್‌ನತ್ತ ಕೈ ತೋರಿಸುವ ಹೆಸರು) ಮಾಡಿ.

ಇನ್ನೊಂದು ಮಾತು. ಎಲ್ಲ ಸರಿಹೋಗುವವರೆಗೆ ಎಟಿಎಂ0 (ATM0) ಅನ್ನೋ ಮೋಡೆಮ್ ಕಮಾಂಡ್ ಕೊಟ್ಟು ಅದರ ಸ್ಪೀಕರ್ ಮುಚ್ಚಬೇಡಿ. ಡಯಲ್ ಟೋನ್, ಆಮೇಲೆ ನಂಬರ್, ಆಮೇಲೆ ಆ ಕಿರುಚಾಟ. ಎಲ್ಲಿ ತಡವರಿಸಿತು ಅಂತ ಕಿವಿಗೇ ಗೊತ್ತಾಗುತ್ತದೆ, ಲಾಗ್ ತೆರೆಯುವಷ್ಟರಲ್ಲಿ ನೀವು ಅರ್ಧ ಕಂಡುಹಿಡಿದಿರುತ್ತೀರಿ.

ಇಷ್ಟಾದರೂ ಆಗದಿದ್ದರೆ 'ರೂಟ್ -ಎನ್' ತೋರಿಸಿದ್ದನ್ನು ಒಂದಕ್ಷರ ಬಿಡದೆ ಇಲ್ಲಿ ಹಾಕಿ. ಕನೆಕ್ಟ್ ಆಗುವ ಮುಂಚಿನದು, ಆದ ಮೇಲಿನದು ಎರಡೂ ಬೇಕು.